ಆ ತ್ರಿಕೋನಗಳ ಚಿತ್ರ ಫೋಟೊ ಅಲ್ಲ, ಅಪ್ಪಾಜಿ

ಆರ್ಹುಸ್, ಡೆನ್ಮಾರ್ಕ್
ಫೆಬ್ರವರಿ 2026

ತೀರ್ಥರೂಪು ಅಪ್ಪಾಜಿಗೆ, ಅಮ್ಮನಿಗೆ, ಅಜ್ಜಿಗೆ ನಿಮ್ಮ ಚೈತ್ರಾ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಕಾಗದ ಅಂಚೆಯಲ್ಲಿ ಬರದೆ ಗೆಳತಿಯ ಕೈಲಿ ಬಂತಲ್ಲ ಅಂತ ಆಶ್ಚರ್ಯಪಡಬೇಡಿ. ಇಲ್ಲಿನ ಸರ್ಕಾರಿ ಅಂಚೆಯವರು 400 ವರ್ಷ ಪತ್ರ ಹಂಚಿ, ಈ ಡಿಸೆಂಬರ್ ಕೊನೆಗೆ ನಿಲ್ಲಿಸಿಯೇ ಬಿಟ್ಟರು. ಬೀದಿಯಲ್ಲಿದ್ದ ಕೆಂಪು ಡಬ್ಬಗಳನ್ನೂ ಕಿತ್ತು ಮಾರಾಟಕ್ಕಿಟ್ಟರು. ಖಾಸಗಿಯವರು ಪತ್ರ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಹೇಗೂ ಗೆಳತಿ ದಾವಣಗೆರೆಗೆ ಹೊರಟಿದ್ದಳು, ಅವಳ ಚೀಲದಲ್ಲೇ ಇಟ್ಟೆ.

ಹೋದ ಭಾನುವಾರ ಫೋನಿನಲ್ಲಿ ಅಪ್ಪಾಜಿ ಕೇಳಿದ್ದಕ್ಕೆ ಅವಸರದಲ್ಲಿ ಉತ್ತರ ಕೊಡುವುದು ಬೇಡ ಅನ್ನಿಸಿತು. ನಾನು ವಾಟ್ಸಾಪ್‌ನಲ್ಲಿ ಕಳಿಸಿದ, ಡಿಎನ್‌ಎ ಎಳೆ ಮಡಚಿಕೊಂಡು ಆದ ತ್ರಿಕೋನಗಳ ಚಿತ್ರ ನೋಡಿ, "ಇದು ನಿಜವಾದ ಫೋಟೊನಾ, ಇಲ್ಲಾ ಕಂಪ್ಯೂಟರ್‌ನಲ್ಲಿ ಬರೆದದ್ದಾ?" ಅಂದಿರಿ. ಎರಡೂ ಅಲ್ಲ. ಕಂದು, ಹಳದಿ ಬಣ್ಣ ನಾನೇ ಆರಿಸಿ ಹಾಕಿದ್ದು. ತ್ರಿಕೋನಗಳು ಮಾತ್ರ ಅಲ್ಲಿ ಇದ್ದದ್ದೇ.

ಫೋಟೊ ತೆಗೆಯಲು ಬೆಳಕು ಬೇಕು. ಕಣ್ಣಿಗೆ ಕಾಣುವ ಬೆಳಕಿನ ಅಲೆ 400ರಿಂದ 700 ನ್ಯಾನೊಮೀಟರ್ ಉದ್ದ. ಆ ತ್ರಿಕೋನದ ಒಂದು ಬದಿ ಸುಮಾರು 120 ನ್ಯಾನೊಮೀಟರ್ ಅಷ್ಟೇ. ಒಂದು ಮಿಲಿಮೀಟರ್‌ಗೆ ಹತ್ತು ಲಕ್ಷ ನ್ಯಾನೊಮೀಟರ್, ಲೆಕ್ಕ ಹಾಕಿಕೊಳ್ಳಿ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಚುಕ್ಕೆಯಾಗಿ ಕಂಡರೂ ಕಾಣಬಹುದು, ತ್ರಿಕೋನವಾಗಿ ಮಾತ್ರ ಕಾಣುವುದಿಲ್ಲ. ಹಾಗಾಗಿ ನಾವು ನೋಡುವುದಿಲ್ಲ, ಮುಟ್ಟುತ್ತೇವೆ.

ನೀವು ಭದ್ರಾ ನಾಲೆಯ ಕೆಲಸದಲ್ಲಿದ್ದಾಗ ನೆಲದ ಎತ್ತರ ಅಳೆಯುವ ಡಂಪಿ ಲೆವೆಲ್ ಇಟ್ಟು, ಅಷ್ಟಷ್ಟು ದೂರಕ್ಕೆ ಅಳತೆಯ ಸ್ಟಾಫ್ ಕೋಲು ನಿಲ್ಲಿಸಿ, ಫೀಲ್ಡ್ ಬುಕ್ಕಿನಲ್ಲಿ ರೀಡಿಂಗ್ ಬರೆದುಕೊಳ್ಳುತ್ತಿದ್ದಿರಿ ಅಲ್ವಾ. ಸಂಜೆ ಅದನ್ನು ಹಾಳೆಗೆ ಇಳಿಸಿದರೆ ಹೊಲದ ಏರು ತಗ್ಗು ಎಲ್ಲ ಬರುತ್ತಿತ್ತು. ಆ ಹೊಲದ ಫೋಟೊವನ್ನು ಯಾರೂ ತೆಗೆದಿರಲಿಲ್ಲ. ಆದರೂ ನಕ್ಷೆ ಸುಳ್ಳು ಅಂತ ಯಾರೂ ಅನ್ನಲಿಲ್ಲ, ನೀರು ಅದರ ಪ್ರಕಾರವೇ ಹರಿಯಿತು. ನನ್ನದೂ ಲೆವೆಲ್ ತೆಗೆಯುವ ಕೆಲಸವೇ.

ಯಂತ್ರದ ಹೆಸರು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್. ಒಳಗೆ ಕೂದಲಿನ ದಪ್ಪಕ್ಕಿಂತ ಸ್ವಲ್ಪವೇ ಉದ್ದದ ಒಂದು ಪಟ್ಟಿ ಇರುತ್ತದೆ. ಒಂದು ತುದಿ ಬಿಗಿ, ಇನ್ನೊಂದು ತುದಿ ಗಾಳಿಯಲ್ಲಿ. ಕ್ಯಾಂಟಿಲಿವರ್ ಅಂದರೆ ನಿಮಗೆ ಬೇರೆ ವಿವರಿಸಬೇಕಿಲ್ಲ. ಆ ಸಡಿಲ ತುದಿಯ ಕೆಳಗೊಂದು ಸೂಜಿ, ಅದರ ಮೊನೆ ಕೆಲವೇ ನ್ಯಾನೊಮೀಟರ್. ಪಟ್ಟಿಯ ಬೆನ್ನಿಗೆ ಲೇಸರ್ ಬಿಡುತ್ತೇವೆ. ಪಟ್ಟಿ ಚೂರು ಬಾಗಿದರೂ ಅಲ್ಲಿಂದ ಚಿಮ್ಮಿದ ಬೆಳಕು ಡಿಟೆಕ್ಟರ್ ಮೇಲೆ ಜಾಗ ಬದಲಿಸುತ್ತದೆ. ಮೊನೆ ಒತ್ತುವ ಬಲ ಎಲ್ಲ ಕಡೆ ಒಂದೇ ಇರುವ ಹಾಗೆ ವಿದ್ಯುತ್ತು ಕೊಟ್ಟರೆ ಚೂರು ಹಿಗ್ಗಿ ಕುಗ್ಗುವ ಒಂದು ಪೀಜೋ ಹರಳು ಅದನ್ನು ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಎಷ್ಟು ಏರಿಸಿತು, ಎಷ್ಟು ಇಳಿಸಿತು ಅನ್ನುವುದೇ ನಮ್ಮ ರೀಡಿಂಗ್. ಮೆತ್ತಗಿನ ವಸ್ತುವಿನ ಮೇಲೆ ಸೂಜಿಯನ್ನು ಎಳೆದರೆ ಎಲ್ಲ ಗುಡಿಸಿಕೊಂಡು ಹೋಗುತ್ತದೆ. ಅದಕ್ಕೆ ಪಟ್ಟಿಯನ್ನು ಸೆಕೆಂಡಿಗೆ ಸಾವಿರಾರು ಸಲ ನಡುಗಿಸಿ, ಬರೀ ತಟ್ಟುತ್ತಾ ಹೋಗುತ್ತೇವೆ. ಒಂದು ಚಿತ್ರಕ್ಕೆ 512 ಸಾಲು. ಸಾಲಿಗೊಂದು ಸೆಕೆಂಡ್ ಹಿಡಿದರೂ ಎಂಟು ನಿಮಿಷದ ಮೇಲಾಯಿತು. ಅಷ್ಟರಲ್ಲಿ ಯಾರಾದರೂ ಬಾಗಿಲು ಧಡ್ ಅಂತ ಹಾಕಿದರೆ ಚಿತ್ರದಲ್ಲಿ ಅಡ್ಡ ಗೀಟು. ರಾತ್ರಿ ಕೆಲಸ ಯಾಕೆ ಅಂತ ಅಮ್ಮ ಬೈಯುತ್ತಾಳಲ್ಲ, ಇದಕ್ಕೇ.

ಈ ಯಂತ್ರ ಹುಟ್ಟಿದ್ದು 1986ರಲ್ಲಿ. ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟಾಫ್ ಗರ್ಬರ್ ಅಂತ ಮೂವರು. ಮೊದಲ ಪಟ್ಟಿ ಚಿನ್ನದ ತಗಡಿನದು, ಮೊನೆ ವಜ್ರದ ಚೂರು! ಅಮ್ಮನಿಗೆ ಈ ವಿಷಯ ಇಷ್ಟ ಆಗಬಹುದು. ಈಗಿನದು ಸಿಲಿಕಾನ್, ಹಾಳಾದರೆ ಎಸೆಯುತ್ತೇವೆ.

ಅಪ್ಪಾಜಿ ನಿಜಕ್ಕೂ ಕೇಳಿದ್ದು, ಇದನ್ನು ಎಷ್ಟು ನಂಬಬಹುದು ಅಂತ. ಎತ್ತರವನ್ನು ಸುಮಾರಾಗಿ ನಂಬಬಹುದು, ಅಗಲವನ್ನು ನಂಬುವಂತಿಲ್ಲ. ಡಿಎನ್‌ಎ ಎಳೆಯ ದಪ್ಪ 2 ನ್ಯಾನೊಮೀಟರ್. ಚಿತ್ರದಲ್ಲಿ ಅದು ಹಲವು ಪಟ್ಟು ಅಗಲ ಕಾಣುತ್ತದೆ, ಯಾಕೆಂದರೆ ಸೂಜಿಯ ಮೊನೆಯೇ ಅದಕ್ಕಿಂತ ದಪ್ಪ. ಜೋರಾಗಿ ತಟ್ಟಿದರೆ ಎಳೆ ಅದುಮಿ ಎತ್ತರವೂ ಕಮ್ಮಿ ಬರುತ್ತದೆ. ಕೆಲವು ಸಲ ಮೊನೆ ಮುರಿದು ಎರಡಾಗುತ್ತದೆ, ಆಗ ಎಲ್ಲವೂ ಜೋಡಿ ಜೋಡಿ. ಚಿತ್ರದ ತುಂಬ ಎಲ್ಲ ತ್ರಿಕೋನಕ್ಕೂ ಒಂದೇ ಕಡೆ ಒಂದೇ ತರದ ಬಾಲ ಕಂಡರೆ, ಆ ಬಾಲ ಸೂಜಿಯದು, ತ್ರಿಕೋನದ್ದಲ್ಲ. ಅನುಮಾನ ಬಂದರೆ ಗೀಚುವ ದಿಕ್ಕನ್ನು ತಿರುಗಿಸುತ್ತೇವೆ, ಸೂಜಿ ಬದಲಿಸುತ್ತೇವೆ. ಆಗಲೂ ಆಕಾರ ಹಾಗೇ ಉಳಿದರೆ ಅದು ಅಲ್ಲಿದೆ ಅಂತ ಒಪ್ಪುತ್ತೇವೆ. ತುಂಬ ಚಂದ ಬಂದ ಚಿತ್ರದ ಮೇಲೆ ನನಗೆ ಮೊದಲು ಅನುಮಾನ. ನೋಡಿದವರೆಲ್ಲ ಬಣ್ಣ ಹೊಗಳುತ್ತಾರೆ, ಅದರ ಪಕ್ಕದಲ್ಲಿರುವ ಎತ್ತರದ ಅಳತೆಪಟ್ಟಿಯನ್ನು ಯಾರೂ ಓದುವುದಿಲ್ಲ. ನೀವು ಓದಿದಿರಿ, "ಈ 2 ಅಂದರೇನು?" ಅಂತ ಕೇಳಿದಿರಿ. ಖುಷಿಯಾಯಿತು.

ಇನ್ನು ತ್ರಿಕೋನ ಮಾಡಿದ್ದು ಯಾರು? ಯಾರೂ ಕೈಯಾರೆ ಮಾಡಿದ್ದಲ್ಲ. 2006ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪಾಲ್ ರೋತ್‌ಮಂಡ್ ಅನ್ನುವವರು ತೋರಿಸಿದ ದಾರಿ ಇದು. ಒಂದು ಉದ್ದ ಡಿಎನ್‌ಎ ಎಳೆ ತೆಗೆದುಕೊಳ್ಳಬೇಕು, ಅದರಲ್ಲಿ ಎ, ಟಿ, ಜಿ, ಸಿ ಅಂತ ನಾಲ್ಕು ಬಗೆಯ ರಾಸಾಯನಿಕ ಅಕ್ಷರ, ಒಟ್ಟು 7 ಸಾವಿರ ಚಿಲ್ಲರೆ. ಜೊತೆಗೆ ಇನ್ನೂರರಷ್ಟು ಚಿಕ್ಕ ಎಳೆ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಮಾತ್ರ ಕೂರುತ್ತದೆ. ಹಾಗಾಗಿ ಯಾವ ಚಿಕ್ಕ ಎಳೆ ಎಲ್ಲೆಲ್ಲಿ ಹಿಡಿಯಬೇಕು ಅನ್ನುವುದನ್ನು ಮೊದಲೇ ಬರೆದುಬಿಡಬಹುದು. ಎಲ್ಲ ಸೇರಿಸಿ 95 ಡಿಗ್ರಿಗೆ ಕಾಯಿಸಿ ನಿಧಾನ ಆರಿಸಿದರೆ ಆಯಿತು, ಉದ್ದದ ಎಳೆ ತಾನಾಗಿ ಮಡಚಿಕೊಳ್ಳುತ್ತದೆ. ಅವರು ನಗುಮುಖವನ್ನೂ ಮಾಡಿದ್ದರು, ಒಂದೇ ಹನಿಯಲ್ಲಿ ಸುಮಾರು 5 ಸಾವಿರ ಕೋಟಿ ನಗುಮುಖ!

ಆ ಉದ್ದ ಎಳೆ ಬರುವುದು ಎಂ13 ಅನ್ನುವ ವೈರಸ್‌ನಿಂದ. ಅಮ್ಮ, ಇದನ್ನು ಓದಿ ಗಾಬರಿಯಾಗಿ ಫೋನ್ ಮಾಡಬೇಡ. ಅದು ಬ್ಯಾಕ್ಟೀರಿಯಾಗೆ ಅಂಟುವ ವೈರಸ್, ಮನುಷ್ಯರಿಗೆ ಅಂಟುವುದಿಲ್ಲ. ನನಗೆ ಸಿಗುವುದೂ ಅದರ ಡಿಎನ್‌ಎ ಮಾತ್ರ, ಪುಟ್ಟ ಟ್ಯೂಬಿನಲ್ಲಿ.

ನನಗೆ ಈಗ ಹುಚ್ಚು ಹಿಡಿಸಿರುವುದು ಮಡಚಿಕೊಂಡ ತ್ರಿಕೋನಗಳು ಒಂದರ ಪಕ್ಕ ಒಂದು ಹೇಗೆ ಸಾಲಾಗಿ ಕೂರುತ್ತವೆ ಅನ್ನುವುದು. ಅವುಗಳನ್ನು ಹರಡುವುದು ಕಾಗೆಬಂಗಾರದ ಮೇಲೆ. ಅದೇ, ಹೊಲದಲ್ಲಿ ಮಿಣಮಿಣ ಅನ್ನುತ್ತಿದ್ದದ್ದು, ನಾನೂ ತಮ್ಮನೂ ಪದರ ಬಿಡಿಸಿ ಅಂಗಳವೆಲ್ಲ ಚೆಲ್ಲುತ್ತಿದ್ದೆವಲ್ಲ. ಇಲ್ಲಿ ಗುಂಡಗೆ ಕತ್ತರಿಸಿದ ಬಿಲ್ಲೆ ಸಿಗುತ್ತದೆ. ಮೇಲೆ ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಹೊಸ ಪದರ ಬರುತ್ತದೆ, ಅಣುವಿನಷ್ಟೂ ಏರುತಗ್ಗಿಲ್ಲದ ನೆಲ. ಇಷ್ಟು ದುಬಾರಿ ಯಂತ್ರದ ಮುಂದೆ ಸೆಲ್ಲೋಟೇಪ್ ಹಿಡಿದು ಕೂತರೆ ನನಗೇ ನಗು ಬರುತ್ತದೆ.

ಕಾಗೆಬಂಗಾರಕ್ಕೂ ಋಣ ವಿದ್ಯುತ್ತು, ಡಿಎನ್‌ಎಗೂ ಋಣ ವಿದ್ಯುತ್ತು. ಸುಮ್ನೆ ಬಿಟ್ಟರೆ ಒಂದನ್ನೊಂದು ದೂಡುತ್ತವೆ. ನಡುವೆ ಮೆಗ್ನೀಸಿಯಂ ಹಾಕಿದರೆ ಎರಡನ್ನೂ ಹಿಡಿದು ಅಂಟಿಸುತ್ತದೆ. ಆದರೆ ಬಿಗಿ ಜಾಸ್ತಿ. ಬಿದ್ದಲ್ಲೇ ಬಿದ್ದ ತ್ರಿಕೋನ ಅಲುಗಾಡುವುದಿಲ್ಲ, ಅಡ್ಡಾದಿಡ್ಡಿ ಹರಡಿಕೊಳ್ಳುತ್ತದೆ. ಆಗ ಸೋಡಿಯಂ ಸೇರಿಸುತ್ತೇವೆ, ಅಂದರೆ ಅಡುಗೆ ಉಪ್ಪಿನಲ್ಲಿರುವುದೇ. ಅದು ಮೆಗ್ನೀಸಿಯಂನ ಜಾಗಕ್ಕೆ ನುಗ್ಗಿ ಹಿಡಿತ ಸಡಿಲಿಸುತ್ತದೆ. ತ್ರಿಕೋನಗಳು ಜಾರಲು ಶುರು. ಜಾರುತ್ತಾ, ಡಿಕ್ಕಿ ಹೊಡೆಯುತ್ತಾ, ಜಾಗ ಹೊಂದಿಸಿಕೊಳ್ಳುತ್ತಾ ಕಡೆಗೆ ಒತ್ತೊತ್ತಾಗಿ ಸಾಲು ಕಟ್ಟುತ್ತವೆ. ಉಪ್ಪು ಕಮ್ಮಿಯಾದರೆ ಜಾರುವುದಿಲ್ಲ, ಜಾಸ್ತಿಯಾದರೆ ಪೂರ್ತಿ ಎದ್ದು ನೀರಿಗೆ ಹೋಗುತ್ತವೆ. ನಡುವಿನ ಹದ ಹುಡುಕುವುದೇ ನನ್ನ ದಿನದ ಕೆಲಸ. ನೀರಿನೊಳಗೇ ಸೂಜಿ ಇಳಿಸಿ ಒಂದಾದ ಮೇಲೊಂದು ಚಿತ್ರ ತೆಗೆಯುತ್ತಾ ಹೋದರೆ ಸಾಲು ಕಟ್ಟುವುದು ಕಣ್ಣೆದುರೇ ನಡೆಯುತ್ತದೆ. ನಡುವೆ ಒಂದು ತ್ರಿಕೋನ ತಿರುಗುಮುರುಗಾಗಿ ಕೂತು, ಮುಂದಿನ ಚಿತ್ರದಲ್ಲಿ ಸರಿಹೋಗಿರುತ್ತದೆ. ಅದನ್ನು ನೋಡಿದ ರಾತ್ರಿ ನಿದ್ದೆ ಬರುವುದಿಲ್ಲ.

"ಇದರಿಂದ ಯಾರಿಗೆ ಏನು ಉಪಯೋಗ?" ಅಂತ ಅಮ್ಮ ಕೇಳಿಯೇ ಕೇಳುತ್ತಾಳೆ. 2009ರಲ್ಲಿ ಇದೇ ಆರ್ಹುಸ್‌ನವರು ಡಿಎನ್‌ಎಯಿಂದ ಮುಚ್ಚಳ ಇರುವ ಪೆಟ್ಟಿಗೆ ಮಾಡಿದ್ದರು, 42 ನ್ಯಾನೊಮೀಟರ್ ಉದ್ದದ್ದು. ಸರಿಯಾದ ಡಿಎನ್‌ಎ ಬೀಗದಕೈ ಹಾಕಿದರೆ ಮಾತ್ರ ಮುಚ್ಚಳ ತೆರೆಯುತ್ತಿತ್ತು. ಅಂಥದರಲ್ಲಿ ಔಷಧಿ ಇಟ್ಟು ಬೇಕಾದ ಕಡೆ ತೆರೆಯುವ ಆಸೆ ಬಹಳ ಜನಕ್ಕಿದೆ. ಸಾಲು ಕಟ್ಟಿದ ತ್ರಿಕೋನಗಳ ಮೇಲೆ ಚಿನ್ನದ ಕಣ ಕೂರಿಸುವ ಆಸೆಯೂ ಇದೆ. ಅಜ್ಜಿಯ ಮಂಡಿನೋವಿಗೆ ನನ್ನಿಂದ ಗುಳಿಗೆ ಬರುತ್ತದೆ ಅಂತ ಮಾತ್ರ ಕಾಯಬೇಡಿ. ಊರಲ್ಲಿ "ಮಗಳು ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿಯುತ್ತಿದ್ದಾಳೆ" ಅಂತ ಹೇಳುವುದನ್ನೂ ದಯವಿಟ್ಟು ನಿಲ್ಲಿಸಿ, ಅಮ್ಮ. ಚಿಕ್ಕಪ್ಪ ಫೋನ್ ಮಾಡಿ ಕೇಳಿದರು.

ಊಟ ಸರಿಯಾಗಿ ಮಾಡುತ್ತಿದ್ದೇನೆ. ಇಲ್ಲಿನ ಕಪ್ಪು ರೈ ಬ್ರೆಡ್ಡಿಗೆ ನಿನ್ನ ಶೇಂಗಾ ಚಟ್ನಿಪುಡಿ ಬಹಳ ಹೊಂದುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲಾಗುತ್ತಿತ್ತು, ಈಗ ಹಗಲು ಉದ್ದವಾಗುತ್ತಿದೆ. ಸೈಕಲ್ಲಿನಲ್ಲೇ ಓಡಾಟ.

ಅಜ್ಜಿಯ ಕಣ್ಣಿನ ಪೊರೆ ಆಪರೇಷನ್ನನ್ನು ಮತ್ತೆ ಮುಂದೂಡಬೇಡಿ. ಯುಗಾದಿ ಕಳೆಯಲಿ ಅಂತ ಅವಳು ಹೇಳುತ್ತಾಳೆ, ಕೇಳಬೇಡಿ. ಗೆಳತಿ ಮಾರ್ಚ್ ಕೊನೆಗೆ ವಾಪಸ್ ಬರುತ್ತಾಳೆ. ಅವಳ ಕೈಲಿ ಚಟ್ನಿಪುಡಿ ಕಳಿಸಿ, ಒಂದು ಕೆಜಿ ಸಾಕು, ಅವಳಿಗೂ ಸಾಮಾನು ಇರುತ್ತದೆ. ಉಪ್ಪಿನಕಾಯಿ ಬೇಡವೇ ಬೇಡ, ಹೋದ ಸಲ ಎಣ್ಣೆ ಸೋರಿ ಅವಳ ಸ್ವೆಟರ್ ಹಾಳಾಯಿತು.

ಇಂತಿ ನಿಮ್ಮ ಮಗಳು,
ಚೈತ್ರಾ