ಗೆಳೆಯನಿಗೊಂದು ಪತ್ರ: ನವೆಂಬರ್‌ನಲ್ಲಿ ಗ್ರೀಸಿಗೆ ಹೋಗೋಣ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯ್ತು. ಮೂರು ಸಲ ಓದಿದೆ. ಇಷ್ಟು ವರ್ಷ ಮಕ್ಕಳಿಗೆ ಗ್ರೀಕರ ಪಾಠ ಮಾಡಿದ್ದೀಯ, ಪುಸ್ತಕದಲ್ಲಿದ್ದ ಅಥೆನ್ಸ್‌ನ ಪಾರ್ಥೆನಾನ್ ಗುಡಿಯ ಚಿತ್ರ ಬಿಟ್ಟು ಬೇರೇನೂ ನೋಡಿಲ್ಲ. ಈಗ ರಿಟೈರ್ ಆಗಿದ್ದೀಯ, ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ. ಆದರೆ ಅಲ್ಲಿಯ ನೂಕುನುಗ್ಗಲಿನ ವಿಡಿಯೊ ನೋಡಿ ಆಸೆಯೇ ಬತ್ತಿ ಹೋಯ್ತು ಅಂತ ಬರೆದಿದ್ದೀಯ. ಹಾಗೆ ಬಿಟ್ಟುಬಿಡಬೇಡ ಮಾರಾಯ. ಹೋಗೋಣ. ನಾವಿಬ್ಬರೇ ಹೋಗೋಣ.

ನೀನು ಹೆದರಿದ್ದು ಸುಳ್ಳಲ್ಲ. ನಾನು ಮೊದಲ ಸಲ ಹೋದದ್ದು ಜೂನ್‌ನಲ್ಲಿ, ಒಂದು ಟೂರ್ ಕಂಪನಿಯ ಗುಂಪಿನಲ್ಲಿ. ಬೆಳಗ್ಗೆ ಹನ್ನೊಂದಕ್ಕೆ ಬಸ್ಸು ನಮ್ಮನ್ನು ಪಾರ್ಥೆನಾನ್ ಇರುವ ಆಕ್ರೊಪೊಲಿಸ್ ಗುಡ್ಡದ ಬುಡದಲ್ಲಿ ಇಳಿಸಿತು. ಅಷ್ಟು ಹೊತ್ತಿಗೆ ಬೇರೆ ಬಸ್ಸುಗಳೂ ಸಾಲಾಗಿ ನಿಂತಿದ್ದವು. ಮೇಲಿನ ಹೆಬ್ಬಾಗಿಲ ಮೆಟ್ಟಿಲಲ್ಲಿ ನಿಲ್ಲಲಿಕ್ಕೂ ಜಾಗವಿಲ್ಲ, ಹಿಂದಿನವರು ತಳ್ಳಿದ ಹಾಗೆ ಮುಂದೆ ಹೋದೆ. ಅಮೃತಶಿಲೆ ಕಾಲಿನ ಸವೆತಕ್ಕೆ ಗಾಜಿನಂತೆ ನುಣುಪಾಗಿದೆ. ಜಾರುತ್ತೇನೆ ಎಂಬ ಭಯದಲ್ಲಿ ನೆಲವನ್ನೇ ನೋಡುತ್ತಾ ನಡೆದೆ. ನಲವತ್ತು ನಿಮಿಷಕ್ಕೆ ಗೈಡ್ ಬಾವುಟ ಎತ್ತಿದರು, ಎಲ್ಲರೂ ಇಳಿದೆವು. ರಾತ್ರಿ ರೂಮಿನಲ್ಲಿ ಕೂತು ಪಾರ್ಥೆನಾನ್ ಹೇಗಿತ್ತು ಅಂತ ನೆನಪು ಮಾಡಿಕೊಂಡರೆ ಕಣ್ಣ ಮುಂದೆ ಬಂದದ್ದು ಮುಂದಿದ್ದವರ ಟೋಪಿಗಳು. ತುಂಬಾ ಬೇಜಾರಾಯಿತು.

ಟೂರ್ ಮುಗಿದ ಮೇಲೆ ಮಗಳು ಜರ್ಮನಿಯಿಂದ ಬಂದಳು. ಒಂದು ಕಾರು ಬಾಡಿಗೆಗೆ ತೆಗೆದುಕೊಂಡು ದಕ್ಷಿಣಕ್ಕೆ, ಪೆಲೊಪೊನೀಸ್ ಕಡೆಗೆ ಹೊರಟೆವು. ಕಲಾಮಾಟಾ ಊರಿನಿಂದ ಸುಮಾರು ಮೂವತ್ತು ಕಿಲೋಮೀಟರ್ ಒಳಗೆ ಮೆಸ್ಸೀನಿ ಅಂತ ಹಳೆಯ ಪಟ್ಟಣ. ನಿಜ ಹೇಳಲಾ, ಅದರ ಹೆಸರನ್ನೂ ನಾನು ಕೇಳಿರಲಿಲ್ಲ. ಸಂಜೆ ಹೊತ್ತು. ಇಡೀ ಕ್ರೀಡಾಂಗಣದಲ್ಲಿ ನಾವಿಬ್ಬರೇ. ಮೂರು ಕಡೆ ಕಂಬಗಳ ಸಾಲು, ಮಧ್ಯೆ ಓಟದ ನೆಲ, ಆ ತುದಿಯಲ್ಲಿ ಗುಡಿಯಂತೆ ಕಾಣುವ ಒಂದು ಸಮಾಧಿ. ದೂರದಲ್ಲೆಲ್ಲೋ ಆಡಿನ ಗಂಟೆ. ಕಲ್ಲಿನ ಮೆಟ್ಟಿಲ ಮೇಲೆ ಒಂದು ಗಂಟೆ ಸುಮ್ನೆ ಕೂತಿದ್ದೆ. ಆಗ ನೆನಪಾದದ್ದು ನೀನು. ಇಲ್ಲಿ ಇವನು ಇರಬೇಕಿತ್ತು, ಇದೆಲ್ಲಾ ಏನು ಅಂತ ನನಗೆ ಹೇಳಬೇಕಿತ್ತು ಅನ್ನಿಸಿತು.

ಊರಿಗೆ ಬಂದ ಮೇಲೆ ಓದಿದೆ. ನಿನಗೆ ಗೊತ್ತೇ ಇರುತ್ತೆ, ಆದರೂ ಹೇಳುವ ಆಸೆ. ಆ ಸೀಮೆಯ ಹೆಸರು ಮೆಸ್ಸೀನಿಯಾ. ಅಲ್ಲಿಯ ಜನರನ್ನು ಸ್ಪಾರ್ಟಾದವರು ನೂರಾರು ವರ್ಷ ಹೆಲಟ್‌ಗಳನ್ನಾಗಿ, ಅಂದರೆ ಜೀತದಾಳುಗಳನ್ನಾಗಿ ಮಾಡಿಕೊಂಡಿದ್ದರು. ತಮ್ಮದೇ ನೆಲ ಉತ್ತು, ಬೆಳೆದದ್ದನ್ನು ಯಜಮಾನರಿಗೆ ಅಳೆದು ಕೊಡುವ ಬಾಳು. ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾ ಯುದ್ಧದಲ್ಲಿ ಥೀಬ್ಸ್ ನಗರದ ಸೇನಾಪತಿ ಎಪಾಮಿನೋಂಡಸ್ ಸ್ಪಾರ್ಟಾವನ್ನು ಸೋಲಿಸಿದ. ಎರಡು ವರ್ಷದ ನಂತರ, 369ರಲ್ಲಿ, ಬಿಡುಗಡೆಯಾದ ಈ ಜನರಿಗಾಗಿ ಇಥೋಮೆ ಬೆಟ್ಟದ ಕೆಳಗೆ ಹೊಸ ಊರು ಕಟ್ಟಿಸಿದ. ದೇಶ ಬಿಟ್ಟು ಓಡಿಹೋಗಿದ್ದವರ ವಂಶದವರೂ ವಾಪಸ್ ಬಂದು ಸೇರಿದರು. ಸುತ್ತ ಒಂಬತ್ತು ಕಿಲೋಮೀಟರ್ ಕೋಟೆ. ಮತ್ತೆ ಯಾರೂ ನಮ್ಮನ್ನು ಹಿಡಿದುಕೊಂಡು ಹೋಗಬಾರದು ಅಂತ ಕಟ್ಟಿದ ಗೋಡೆ ಅದು. ಬೆಟ್ಟದ ಮೇಲೆ ಹತ್ತಿಳಿಯುತ್ತಾ ಹೋಗುವ ಆ ಕಲ್ಲುಗಳನ್ನು ನೋಡಿದರೆ ಆ ಹಟ ಇವತ್ತಿಗೂ ಕಾಣುತ್ತದೆ. ಉತ್ತರದ ಆರ್ಕೇಡಿಯಾ ಬಾಗಿಲಿನೊಳಗಿಂದಲೇ ಈಗಲೂ ಊರಿನ ರಸ್ತೆ ಹಾದು ಹೋಗುತ್ತದೆ, ನಮ್ಮ ಕಾರೂ ಅಲ್ಲೇ ಹೋಯಿತು.

ಇಂಥ ಜಾಗದಲ್ಲಿ ಯಾಕೆ ಜನ ಇಲ್ಲ? ಮಗಳ ಜೊತೆ ಇದನ್ನೇ ಮಾತಾಡುತ್ತಾ ಬಂದೆ. ಗುಂಪಿಗೂ ಒಂದು ಟೈಮ್‌ಟೇಬಲ್ ಇದೆ ಕಣೋ, ಒಂದು ದಾರಿ ಇದೆ. ದೊಡ್ಡ ಹಡಗುಗಳು ಪಿರೇಯಸ್ ಬಂದರಿಗೆ ಬಂದರೆ ಆ ಜನವೆಲ್ಲಾ ಅಥೆನ್ಸ್‌ಗೆ. ಕಟಾಕೊಲೊ ಬಂದರಿಗೆ ಬಂದರೆ ಒಲಿಂಪಿಯಾಕ್ಕೆ. ಅಥೆನ್ಸ್‌ನಿಂದ ಬೆಳಗ್ಗೆ ಹೊರಟ ಬಸ್ಸುಗಳು ಮಧ್ಯಾಹ್ನದ ಹೊತ್ತಿಗೆ ಡೆಲ್ಫಿ, ಮೈಸೀನಿಯಂಥ ಹೆಸರುವಾಸಿ ಹಳೆಯ ಊರುಗಳಲ್ಲಿ. ರಾತ್ರಿಗೆ ಎಲ್ಲರೂ ವಾಪಸ್. ಅಂದರೆ ಹಳೆಯ ಊರಿನ ಪಕ್ಕದಲ್ಲೇ ರಾತ್ರಿ ಉಳಿದವನಿಗೆ ಬೆಳಗ್ಗೆ ಎರಡು ಗಂಟೆ ಸಿಗುತ್ತದೆ. ಹಡಗು, ಬಸ್ಸು ಎರಡಕ್ಕೂ ದೂರವಾದ ಜಾಗದಲ್ಲಿ ಇಡೀ ದಿನವೇ ಸಿಗುತ್ತದೆ. ನಮ್ಮ ಪ್ಲಾನ್ ಎಲ್ಲಾ ಇದರ ಮೇಲೇ ನಿಂತಿದೆ.

ಹಾಗಾಗಿ ನವೆಂಬರ್. ಹಡಗುಗಳ ಸೀಸನ್ ಮುಗಿಯುತ್ತಾ ಬಂದಿರುತ್ತದೆ, ಬಿಸಿಲಿನ ಝಳ ಇರುವುದಿಲ್ಲ. ಬೇಸಿಗೆಯಲ್ಲಿ ಸೆಕೆ ಜಾಸ್ತಿಯಾದರೆ ಆಕ್ರೊಪೊಲಿಸ್ ಬಾಗಿಲನ್ನೇ ಮಧ್ಯಾಹ್ನ ಮುಚ್ಚಿದ್ದುಂಟು. ಆದರೆ ನವೆಂಬರ್‌ಗೂ ಬೆಲೆ ಕೊಡಬೇಕು, ಮೊದಲೇ ಹೇಳಿಬಿಡುತ್ತೇನೆ. ಮಳೆ ಬರಬಹುದು. ಹಗಲು ಚಿಕ್ಕದು, ಬಹಳಷ್ಟು ಕಡೆ ಮಧ್ಯಾಹ್ನ ಮೂರೂವರೆಗೇ ಬಾಗಿಲು ಹಾಕುತ್ತಾರೆ. ಸಣ್ಣ ಜಾಗಗಳಿಗೆ ವಾರಕ್ಕೊಂದು ರಜೆ, ಹಲವು ಕಡೆ ಅದು ಮಂಗಳವಾರ. ಸಂಜೆ ಬೆಳಕಿನಲ್ಲಿ ಮೆಸ್ಸೀನಿಯಲ್ಲಿ ಕೂರುವುದು ಈ ಸಲ ಆಗುವುದಿಲ್ಲ. ಬೆಳಗ್ಗೆ ಕೂರೋಣ.

ಇನ್ನೂ ಒಂದು ಮಾತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಜಾಗಗಳಿಗೆ ಟಿಕೆಟ್ ಇಲ್ಲ. ಪುಕ್ಕಟೆ ಅಂದ ಮೇಲೆ ಎಲ್ಲರೂ ಬರುತ್ತಾರೆ. ಆ ದಿನ ನಾವು ಆಕ್ರೊಪೊಲಿಸ್ ಹತ್ತಿರವೂ ಹೋಗುವುದು ಬೇಡ. ನವೆಂಬರ್ 17ಕ್ಕೆ ಅಥೆನ್ಸ್‌ನಲ್ಲಿ ಇರುವುದೂ ಬೇಡ. 1973ರ ವಿದ್ಯಾರ್ಥಿ ದಂಗೆಯ ನೆನಪಿಗೆ ಅವತ್ತು ದೊಡ್ಡ ಮೆರವಣಿಗೆ ನಡೆಯುತ್ತದೆ, ನಗರದ ಮಧ್ಯದ ರಸ್ತೆಗಳು ಬಂದ್ ಆಗುತ್ತವೆ.

ಅಥೆನ್ಸ್‌ಗೆ ಮೂರು ರಾತ್ರಿ ಸಾಕು. ಪಾರ್ಥೆನಾನ್ ಬಿಡಲಿಕ್ಕಾಗುತ್ತದೆಯೇ? ನೀನು ಅದನ್ನು ನೋಡಲೇಬೇಕು. 2023ರ ಸೆಪ್ಟೆಂಬರ್‌ನಿಂದ ಅಲ್ಲಿಗೆ ದಿನಕ್ಕೆ 20,000 ಜನ ಎಂಬ ಮಿತಿ ಬಂದಿದೆ, ಟಿಕೆಟ್‌ನಲ್ಲಿ ಗಂಟೆಯೂ ನಿಗದಿ. ಬೆಲೆ ಈಗ 30 ಯೂರೊ. ಬೆಳಗ್ಗೆ ಎಂಟರ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆಯುತ್ತೇನೆ. ಬಸ್ಸಿನವರೆಲ್ಲಾ ಪಶ್ಚಿಮದ ದೊಡ್ಡ ಗೇಟಿನಿಂದ ಹತ್ತುತ್ತಾರೆ. ನಾವು ಆಕ್ರೊಪೊಲಿಸ್ ಮೆಟ್ರೊ ಸ್ಟೇಷನ್ ಹತ್ತಿರದ ಸಣ್ಣ ಗೇಟಿನಿಂದ ಹೋಗೋಣ. ಆ ದಾರಿಯಲ್ಲಿ ಮೊದಲು ಸಿಗುವುದು ಡಯೊನೈಸಸ್ ದೇವರ ಹೆಸರಿನ ರಂಗಮಂದಿರ. ಅಲ್ಲಿ ಸ್ವಲ್ಪ ನಿಲ್ಲಬೇಕು. ಕಾಲೇಜಿನಲ್ಲಿ ಬಿ.ಎಂ.ಶ್ರೀಯವರ ಅಶ್ವತ್ಥಾಮನ್ ನಾಟಕದ ಪಾಠ ನೆನಪಿದೆಯಾ? ನೀನು ಬೆಂಚಿನ ಮೇಲೆ ಹತ್ತಿ ಜೋರಾಗಿ ಓದುತ್ತಿದ್ದೆ. ಶ್ರೀಯವರು ಅದಕ್ಕೆ ಎತ್ತಿಕೊಂಡದ್ದು ಹಳೆಯ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಏಜಾಕ್ಸ್ ನಾಟಕವನ್ನು. ಆ ಸೋಫೋಕ್ಲಿಸ್‌ನ ನಾಟಕಗಳು ಹಬ್ಬದ ಸ್ಪರ್ಧೆಗೆ ನಿಂತದ್ದು ಈ ಗುಡ್ಡದ ಮಗ್ಗುಲಲ್ಲೇ. ಮೂರು ಪುಟ ನೀನು ಅಲ್ಲಿ ಓದಬೇಕು ಅಂತ ನನ್ನ ಆಸೆ. ಮೆಲ್ಲಗೆ ಓದಿದರೂ ಸಾಕು.

ಮೇಲೆ ಹೋದ ಮೇಲೆ ಪಾಠ ನಿನ್ನದು. ಕ್ರಿ.ಪೂ. 447ರಲ್ಲಿ ಕೆಲಸ ಶುರುವಾದದ್ದು, 1687ರಲ್ಲಿ ವೆನಿಸ್‌ನವರ ಗುಂಡು ಬಿದ್ದು ತುರ್ಕರು ಒಳಗಿಟ್ಟಿದ್ದ ಮದ್ದು ಸಿಡಿದದ್ದು, ಆಮೇಲೆ ಬ್ರಿಟಿಷ್ ರಾಯಭಾರಿ ಎಲ್ಗಿನ್ ಕೆತ್ತನೆಗಳನ್ನು ಇಂಗ್ಲೆಂಡಿಗೆ ಸಾಗಿಸಿದ್ದು, ಎಲ್ಲಾ ನೀನೇ ಹೇಳು, ನಾನು ಕೇಳುತ್ತೇನೆ. ಹತ್ತಕ್ಕೆ ಗುಂಪು ಏರುವ ಹೊತ್ತಿಗೆ ನಾವು ಇಳಿದು ಕೆರಮೈಕೋಸ್‌ಗೆ ಹೋಗಿರಬೇಕು. ಅದು ಹಳೆಯ ಅಥೆನ್ಸ್‌ನ ಸ್ಮಶಾನ. ಸಮಾಧಿ ಕಲ್ಲುಗಳ ನಡುವೆ ಎರಿಡಾನೋಸ್ ಅಂತ ಒಂದು ತೊರೆ, ಹುಲ್ಲಿನಲ್ಲಿ ಆಮೆಗಳು ಓಡಾಡಿಕೊಂಡಿರುತ್ತವೆ. ಅಷ್ಟು ದೊಡ್ಡ ನಗರದ ಮಧ್ಯೆ ಅಂಥ ಶಾಂತಿ.

ಒಂದು ದಿನ ಎಜೀನಾ ದ್ವೀಪಕ್ಕೆ. ಎಲ್ಲರೂ ಹೋಗುವ ಸಾಂಟೊರಿನಿ, ಮಿಕೊನೊಸ್ ದ್ವೀಪಗಳು ಎರಡೂ ಬೇಡ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಎಜೀನಾಕ್ಕೆ ಪಿರೇಯಸ್‌ನಿಂದ ಹಡಗು ವರ್ಷವಿಡೀ ಓಡುತ್ತದೆ, ಒಂದೂಕಾಲು ಗಂಟೆಯ ಹಾದಿ. ಪೈನ್ ಮರಗಳ ಗುಡ್ಡದ ಮೇಲೆ ಅಫೇಯಾ ಎಂಬ ದೇವಿಯ ಗುಡಿ. ಕ್ರಿ.ಪೂ. 500ರ ಸುಮಾರಿನದು, ಪಾರ್ಥೆನಾನ್‌ಗಿಂತ ಹಳೆಯದು. ಹೊರಸುತ್ತಿನ 32 ಕಂಬಗಳಲ್ಲಿ ಮುಕ್ಕಾಲು ಪಾಲು ಈಗಲೂ ನಿಂತಿವೆ. ಇದರ ಮುಂಗೋಪುರದ ಶಿಲ್ಪಗಳು 1811ರಲ್ಲಿ ಸಿಕ್ಕವು, ಈಗ ಮ್ಯೂನಿಕ್‌ನಲ್ಲಿವೆ. ಅದರಲ್ಲೊಬ್ಬ ಯೋಧನನ್ನು ಏಜಾಕ್ಸ್ ಅಂತಲೇ ಗುರುತಿಸುತ್ತಾರೆ. ಏಜಾಕ್ಸ್‌ನ ಅಜ್ಜ ಈ ದ್ವೀಪದ ರಾಜ ಅಂತ ಅವರ ಪುರಾಣ. ನಾವು ಓದಿದ ಅಶ್ವತ್ಥಾಮನ ಮೂಲದ ಮನೆ ಇದು ಅಂದ ಹಾಗಾಯಿತಲ್ವಾ? ಬರುವಾಗ ಪಿಸ್ತಾ ತರೋಣ, ಅಲ್ಲಿಯ ಪಿಸ್ತಾಕ್ಕೆ ದೊಡ್ಡ ಹೆಸರು.

ಆಮೇಲೆ ಕಾರು. ನಾನೇ ಓಡಿಸುತ್ತೇನೆ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಆರ್‌ಟಿಒದಲ್ಲಿ ಕೊಡುತ್ತಾರೆ. ನಾಫ್ಲಿಯೊ ಊರಿನಲ್ಲಿ ಎರಡು ರಾತ್ರಿ ಉಳಿದರೆ ಮೈಸೀನಿಯ ಸಿಂಹದ ಬಾಗಿಲಿಗೆ ಬಸ್ಸುಗಳಿಗಿಂತ ಮೊದಲು ಹೋಗಬಹುದು. ಎಪಿಡಾರಸ್‌ನ ರಂಗಮಂದಿರವೂ ಅಲ್ಲಿಂದ ಹತ್ತಿರ. ಆದರೆ ನನಗೆ ಹೆಚ್ಚು ಆಸೆ ಇರುವುದು ನೆಮಿಯಾ ಮೇಲೆ. ಮೈಸೀನಿಗೆ ಬಂದವರು ಪಕ್ಕದಲ್ಲೇ ಇರುವ ಅದನ್ನು ಬಿಟ್ಟು ಹೋಗುತ್ತಾರೆ. ಒಲಿಂಪಿಕ್ಸ್ ತರಹದ್ದೇ ಆಟಗಳು ನಡೆಯುತ್ತಿದ್ದ ಜಾಗ ಅದು. ಓಟಗಾರರು ಅಂಗಳಕ್ಕೆ ಬರಲು 36 ಮೀಟರ್ ಉದ್ದದ ಕಲ್ಲಿನ ಸುರಂಗವಿದೆ. ಸರದಿಗೆ ಕಾಯುತ್ತಾ ನಿಂತ ಹುಡುಗರು ಗೋಡೆಯ ಮೇಲೆ ಕೆತ್ತಿದ ಹೆಸರುಗಳು ಇನ್ನೂ ಇವೆ. ನಿನ್ನ ಶಾಲೆಯ ಬೆಂಚುಗಳೇ ಕಣ್ಣಿಗೆ ಬಂದವು ನನಗೆ. 1996ರಿಂದ ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ಮತ್ತೆ ಓಟ ನಡೆಸುತ್ತಾರೆ. ಊರವರು, ಪರದೇಶದವರು, ಮುದುಕರು, ಮಕ್ಕಳು ಎಲ್ಲರೂ ಬರಿಗಾಲಲ್ಲಿ ಓಡಬಹುದು.

ಮೆಸ್ಸೀನಿಗೆ ಎರಡು ರಾತ್ರಿ. ಹಾಳು ಊರಿನ ಮೇಲ್ಗಡೆ ಮಾವ್ರೊಮಾಟಿ ಅಂತ ಸಣ್ಣ ಹಳ್ಳಿ, ಅಲ್ಲೇ ರೂಮು ಹಿಡಿಯೋಣ. ಕಿಟಕಿಯಿಂದ ಕೆಳಗೆ ಎಲ್ಲಾ ಕಾಣುತ್ತದೆ. ಒಂದು ಬೆಳಗ್ಗೆ ಕ್ರೀಡಾಂಗಣಕ್ಕೆ, ಇನ್ನೊಂದು ಬೆಳಗ್ಗೆ ಕೋಟೆ ಗೋಡೆಗೆ. ಇಲ್ಲಿ ಅವಸರ ಮಾಡಿದರೆ ನಾನು ಒಪ್ಪುವುದಿಲ್ಲ.

ಕೊನೆಗೆ ಬಾಸ್ಸೆ. ಆಂಡ್ರಿಟ್ಸೇನಾ ಎಂಬ ಬೆಟ್ಟದೂರಿನಿಂದ ಮೇಲೆ, 1,131 ಮೀಟರ್ ಎತ್ತರದಲ್ಲಿ ಒಂಟಿಯಾಗಿ ನಿಂತ ಅಪೊಲೊ ಗುಡಿ. ಗ್ರೀಸ್‌ನಿಂದ ಯುನೆಸ್ಕೊ ಪಟ್ಟಿಗೆ ಮೊದಲು ಸೇರಿದ್ದು ಇದೇ, 1986ರಲ್ಲಿ. ಕಟ್ಟಿದವನು ಪಾರ್ಥೆನಾನ್ ಕಟ್ಟಿದ ಇಕ್ಟೀನಸ್ ಅಂತ ಎರಡನೇ ಶತಮಾನದ ಯಾತ್ರಿಕ ಪಾಸೇನಿಯಸ್ ಬರೆದಿದ್ದಾನೆ. ಒಂದು ವಿಷಯ ಈಗಲೇ ತಿಳಿದಿರಲಿ. ಮಳೆ, ಗಾಳಿ, ಹಿಮದಿಂದ ಕಾಪಾಡಲು 1987ರಿಂದ ಇಡೀ ಗುಡಿಗೆ ದೊಡ್ಡ ಬಿಳಿ ಡೇರೆ ಹೊದಿಸಿದ್ದಾರೆ. ಬಯಲಲ್ಲಿ ನಿಂತ ಗುಡಿಯ ಫೋಟೊ ಸಿಗುವುದಿಲ್ಲ. ಜನ ಬರದಿರಲು ಅದೂ ಒಂದು ಕಾರಣ ಇರಬಹುದು. ಆದರೆ ಆ ಡೇರೆಯೊಳಗೆ ಬೂದು ಕಲ್ಲಿನ ಕಂಬಗಳ ಪಕ್ಕ ನಿಲ್ಲುವುದು ಬೇರೆಯೇ ಅನುಭವ. ಗಾಳಿಗೆ ಬಟ್ಟೆ ಪಟಪಟ ಅನ್ನುತ್ತಿರುತ್ತದೆ, ಆಸ್ಪತ್ರೆಯಲ್ಲಿ ಹಿರಿಯರೊಬ್ಬರ ಹಾಸಿಗೆ ಪಕ್ಕ ನಿಂತ ಹಾಗೆ ಅನ್ನಿಸಿತು ನನಗೆ. ಸಾಂಕ್ರಾಮಿಕ ರೋಗದಿಂದ ಉಳಿಸಿದ ದೇವರಿಗೆ ಹತ್ತಿರದ ಫಿಗಾಲಿಯಾ ಊರಿನ ಜನ ಕೃತಜ್ಞತೆಯಿಂದ ಕಟ್ಟಿದ್ದು ಅಂತ ಪಾಸೇನಿಯಸ್ ಹೇಳುತ್ತಾನೆ. ಇಲ್ಲಿಯ ಅಪೊಲೊಗೆ ಎಪಿಕೂರಿಯಸ್ ಅಂತ ಹೆಸರು, ಅಂದರೆ ನೆರವಿಗೆ ಬರುವವನು. ನಮ್ಮಲ್ಲಿ ಪ್ಲೇಗಮ್ಮನ ಗುಡಿ ಕಟ್ಟಿದವರ ಮನಸ್ಸಿಗೂ ಇವರ ಮನಸ್ಸಿಗೂ ಏನು ವ್ಯತ್ಯಾಸ ಹೇಳು.

ಡೆಲ್ಫಿ ಬಿಟ್ಟದ್ದಕ್ಕೆ ನೀನು ಜಗಳ ತೆಗೆಯುತ್ತೀಯ, ಗೊತ್ತು. ದಿನ ಉಳಿದರೆ ವಾಪಸ್ ಬರುವಾಗ ಅಲ್ಲೇ ಒಂದು ರಾತ್ರಿ ತಂಗೋಣ, ಬೆಳಗ್ಗೆ ಗೇಟು ತೆಗೆದ ಕೂಡಲೇ ಒಳಗೆ. ಒಲಿಂಪಿಯಾವನ್ನು ಮಾತ್ರ ಈ ಸಲ ಬಿಡೋಣ. ಹತ್ತು ಜಾಗ ಮುಟ್ಟಿ ಬರುವುದಕ್ಕಿಂತ ಐದು ಕಡೆ ಕೂತು ಬರುವುದು ನನಗೆ ಬೇಕಾದದ್ದು.

ನಿನ್ನ ಮಂಡಿ ನೋವಿನ ಯೋಚನೆಯೂ ಇದೆ. ದಿನಕ್ಕೆ ಒಂದೆರಡೇ ಜಾಗ ಇಟ್ಟದ್ದು ಅದಕ್ಕೇ. ಅಡಿಯಲ್ಲಿ ಒಳ್ಳೆ ಹಿಡಿತ ಇರುವ ಶೂ ತಗೋ, ರಬ್ಬರ್ ಬುಡದ ಕೋಲೂ ಇರಲಿ. ಮಳೆ ಬಿದ್ದ ಅಮೃತಶಿಲೆ ಮೇಲೆ ನನ್ನ ತೋಳು ಹಿಡಿದುಕೊಂಡೇ ನಡೆಯಬೇಕು.

ವೀಸಾಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ನಾವು ಆಗಸ್ಟ್‌ನಲ್ಲಿ ಹಾಕಿಬಿಡೋಣ. ನಿನ್ನ ಪಾಸ್‌ಪೋರ್ಟ್ ಬೀರುವಿನ ಯಾವ ಖಾನೆಯಲ್ಲಿದೆಯೋ ಇವತ್ತೇ ಹುಡುಕು. ಕೊನೆಯ ದಿನಾಂಕ ಯಾವತ್ತು ಅಂತ ನೋಡಿ ತಿಳಿಸು. ಹಾಗೇ ಆ ಹಳೆಯ ಅಶ್ವತ್ಥಾಮನ್ ಪುಸ್ತಕವೂ ನಿನ್ನ ಹತ್ತಿರವೇ ಇರಬೇಕು, ನನ್ನದನ್ನು ನೀನೇ ತೆಗೆದುಕೊಂಡು ಹೋಗಿದ್ದೆ. ಅದನ್ನೂ ತೆಗೆದಿಡು.

ನಿನ್ನ ಉತ್ತರಕ್ಕೆ ಕಾಯುತ್ತಿರುವ
ಗೆಳೆಯ