ಬಾಡಿಗೆದಾರ ಏಡಿ

ಪ್ರೀತಿಯ ಮಾಷ್ಟ್ರೇ,

ಶಾಲೆಯ ಇಕೋ ಕ್ಲಬ್ ನಿನ್ನ ತಲೆಗೆ ಬಿತ್ತು ಅಂತ ಫೋನಿನಲ್ಲಿ ಗೋಳಾಡಿದೆಯಲ್ಲ, ಆಗ ಸರಿಯಾಗಿ ಮಾತಾಡಲು ಆಗಲಿಲ್ಲ. ಲೋಕಲ್‌ನಲ್ಲಿ ನಿಂತಿದ್ದೆ, ಅಂಧೇರಿಯಲ್ಲಿ ಇಳಿಯುವವರ ನೂಕಾಟ. "ಮಕ್ಕಳಿಗೆ ಜೀವವೈವಿಧ್ಯ ಅಂದ್ರೆ ಏನಂತ ಕಲಿಸೋದು ಮಾರಾಯ?" ಅಂತ ಕೇಳಿದ್ದೆ ನೀನು. ಕಲಿಸಲು ಹೋಗಿ ನಾನು ಮುಗ್ಗರಿಸಿದ್ದನ್ನೇ ಮೊದಲು ಹೇಳುತ್ತೇನೆ.

ಗೋರೆಗಾಂವ್‌ನಲ್ಲಿ ನಾನು ನಡೆಸುವ ಭಾನುವಾರದ ಕನ್ನಡ ಕ್ಲಾಸು ನಿನಗೆ ಗೊತ್ತು. ಹದಿನಾಲ್ಕು ಮಕ್ಕಳು. ಹೋದ ಮಳೆಗಾಲದಲ್ಲಿ ಪ್ರೊಜೆಕ್ಟರ್ ತಂದು ಅಳಿವಿನಂಚಿನ ಪ್ರಾಣಿಗಳ ಬಗ್ಗೆ ಒಂದು ಗಂಟೆ ಕೊರೆದೆ. ಕೊನೆಗೆ 'ಹುಲಿ ಉಳಿಸಿ' ಅಂತ ಎಲ್ಲರಿಂದ ಚಿತ್ರ ಬರೆಸಿದೆ. ಐದನೇ ಕ್ಲಾಸಿನವಳೊಬ್ಬಳು ಕೇಳಿದಳು, "ಅಂಕಲ್, ಎಲ್ಲ ಸಾಯ್ತದೆ ಅಂದ್ಮೇಲೆ ಹೆಸರು ಯಾಕೆ ಕಲೀಬೇಕು?" ಏನು ಹೇಳೋದು ಹೇಳು. ವಡಾಪಾವ್ ಹಂಚಿ ಕ್ಲಾಸು ಬಿಟ್ಟೆ.

ಚಳಿಗಾಲದಲ್ಲಿ ಬುದ್ಧಿ ಬಂತು. ಅಮಾವಾಸ್ಯೆ ಕಳೆದ ಒಂದು ಭಾನುವಾರ, ಬೆಳಕು ಹರಿಯುವ ಮೊದಲೇ ಮಕ್ಕಳನ್ನೂ ಇಬ್ಬರು ಅಮ್ಮಂದಿರನ್ನೂ ಕರೆದುಕೊಂಡು ಬಾಂದ್ರಾದ ಕಾರ್ಟರ್ ರೋಡಿಗೆ ಹೋದೆ. ಯಾಕೆ ಅಮಾವಾಸ್ಯೆ ಅಂತ ನಿನಗೆ ಹೇಳಬೇಕಾಗಿಲ್ಲ, ಕಡಲ ಬದಿಯವನು. ಮಕ್ಕಳಿಗೆ ಮಾತ್ರ ಅದೇ ದೊಡ್ಡ ಸುದ್ದಿ. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಭರತ ನಡುಹಗಲಿನ ಹೊತ್ತಿಗೆ, ಇಳಿತ ಬೆಳಗ್ಗೆ ಸಂಜೆ ಆರರ ಆಚೀಚೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. "ಕಡಲು ಪಂಚಾಂಗ ನೋಡ್ತದಾ?" ಅಂತ ಒಬ್ಬ ಕೇಳಿದ. ನೋಡ್ತದೆ ಅಂದೆ, ಮತ್ತೇನು.

ನೀರು ಇಳಿದ ಬಂಡೆಗಳ ಸಂದಿಯಲ್ಲಿ ಸಣ್ಣ ಸಣ್ಣ ಗುಂಡಿಗಳು. ಮೊದಲು ಪ್ಲಾಸ್ಟಿಕ್ ಬಿಟ್ಟು ಏನೂ ಕಾಣಲಿಲ್ಲ. ಹತ್ತು ನಿಮಿಷ ಸುಮ್ನೆ ಕೂತ ಮೇಲೆ ಗುಂಡಿ ಅಲುಗಾಡತೊಡಗಿತು. ಹೂವಿನ ಹಾಗೆ ಬಿಚ್ಚಿಕೊಳ್ಳುವ ಅನಿಮೋನ್ ಅನ್ನುವ ಕಡಲ ಪ್ರಾಣಿ, ಬಂಡೆಗೆ ಕಚ್ಚಿದ ಸಿಂಪಿ, ಅಡ್ಡಡ್ಡ ಓಡುವ ಏಡಿ. ನಾನು ಏಡಿ ಅಂದೆ. ತುಳು ಮನೆಯವನು ಡೆಂಜಿ ಅಂದ. ಕೊಂಕಣಿಯವಳು ಕುರ್ಲಿ ಅಂದಳು. ಅಲ್ಲೇ ಬಲೆ ಬಿಡಿಸುತ್ತಿದ್ದ ಕೋಳಿ ಹೆಂಗಸು (ನಮ್ಮ ಕೋಳಿ ಅಲ್ಲ ಮಾರಾಯ, ಇಲ್ಲಿಯ ಮೀನುಗಾರರು) ಚಿಂಬೋರಿ ಅಂತ ತಿದ್ದಿದಳು. ಒಂದು ಜೀವಕ್ಕೆ ನಾಲ್ಕು ಹೆಸರು! ಆ ಐದನೇ ಕ್ಲಾಸಿನವಳು ನಾಲ್ಕನ್ನೂ ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಅಷ್ಟರಲ್ಲಿ ಒಬ್ಬ ಹುಡುಗ ಪ್ಯಾಂಟಿನ ಎರಡೂ ಜೇಬಿನಲ್ಲಿ ಖಾಲಿ ಶಂಖ, ಬಸವನಹುಳದ ಚಿಪ್ಪು ತುಂಬಿಕೊಂಡಿದ್ದ. ಬೈಯಲಿಲ್ಲ. ಒಂದು ಚಿಪ್ಪು ತಾನಾಗಿ ನಡೆಯುವುದನ್ನು ತೋರಿಸಿದೆ. ಪುಸ್ತಕದಲ್ಲಿ ಅದನ್ನು ಸನ್ಯಾಸಿ ಏಡಿ ಅಂತಾರೆ. ಅದರ ಹೊಟ್ಟೆಯ ಭಾಗ ಮೆತ್ತಗೆ, ಸ್ವಂತ ಚಿಪ್ಪಿಲ್ಲ. ಸತ್ತ ಬಸವನಹುಳದ ಚಿಪ್ಪಿನಲ್ಲಿ ಹೊಕ್ಕು ಬದುಕುತ್ತದೆ. ಬೆಳೆದಾಗ ದೊಡ್ಡದು ಹುಡುಕಬೇಕು. ಒಳ್ಳೆಯ ಚಿಪ್ಪು ಸಿಕ್ಕಿದರೆ ಕೆಲವೊಮ್ಮೆ ಏಡಿಗಳು ಗಾತ್ರದ ಪ್ರಕಾರ ಸಾಲುಗಟ್ಟುತ್ತವೆ. ದೊಡ್ಡದು ಹೊಸದಕ್ಕೆ ಹೊಕ್ಕರೆ ಅದು ಬಿಟ್ಟದ್ದಕ್ಕೆ ಮುಂದಿನದು, ಹೀಗೆ.

"ಡಿಪಾಸಿಟ್ ಎಷ್ಟು?" ಅಂದ ಆ ಹುಡುಗ. ಅವನ ಮನೆಯವರು ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ಬದಲಿಸುವವರು, ಎರಡು ವರ್ಷದಲ್ಲಿ ಎರಡು ಸಲ ಮನೆ ಖಾಲಿ ಮಾಡಿದ್ದಾರೆ. ಇನ್ನೊಬ್ಬಳು, "ಪಗಡಿ ಇರಬಹುದು" ಅಂದಳು (ಇಲ್ಲಿಯ ಹಳೇ ಬಾಡಿಗೆ ಮನೆ ಹಿಡಿಯುವಾಗ ಕೊಡುವ ದೊಡ್ಡ ಮೊತ್ತ). ಎಲ್ಲ ನಕ್ಕೆವು. ಹಾಗೆ ನಗುತ್ತಲೇ ಅವನು ಜೇಬು ಖಾಲಿ ಮಾಡಿದ. ನಾನು ಒಂದು ಮಾತೂ ಹೇಳಿರಲಿಲ್ಲ, ನೋಡು.

ಆಮೇಲೆ ಸುಲಭವಾಯಿತು. ಕೋಸ್ಟಲ್ ರೋಡ್ ಕಟ್ಟುವಾಗ 2020ರಲ್ಲಿ ವರ್ಲಿ, ಹಾಜಿ ಅಲಿ ಕಡೆಯ ಹವಳಗಳನ್ನು ಎಬ್ಬಿಸಿ ಬೇರೆ ಜಾಗಕ್ಕೆ ಒಯ್ದರು ಅಂದಾಗ, "ಟ್ರಾನ್ಸಿಟ್ ಕ್ಯಾಂಪ್!" ಅಂತ ಕೂಗಿದರು (ಇಲ್ಲಿ ಹಳೇ ಕಟ್ಟಡ ಕೆಡವಿದಾಗ ಅಲ್ಲಿದ್ದವರನ್ನು ಸದ್ಯಕ್ಕೆ ಇರಿಸುವ ಜಾಗ). ಹುಲಿ ಇರುವ ಅದೇ ಮೊದಲ ಪಟ್ಟಿಯಲ್ಲಿ, 1972ರ ವನ್ಯಜೀವಿ ಕಾಯ್ದೆಯಲ್ಲಿ, ಹವಳವೂ ಇದೆ ಅಂದರೆ ಮಾತ್ರ ನಂಬಲಿಲ್ಲ. ಠಾಣೆ ಕೊಲ್ಲಿಯ ಫ್ಲೆಮಿಂಗೋ ಹಕ್ಕಿಗಳನ್ನೂ ತೋರಿಸಿದೆ. ಚಳಿಗಾಲದಲ್ಲಿ ಬರುತ್ತವೆ, ಮೇ ಮುಗಿಯುವ ಹೊತ್ತಿಗೆ ಬಹಳಷ್ಟು ಹೊರಡುತ್ತವೆ, ಅದರಲ್ಲಿ ಎಷ್ಟೋ ಕಛ್‌ನ ಕಡೆಗೆ. "ನಮ್ಮ ಹಾಗೇ ಮೇ ರಜೆಗೆ ಊರಿಗೆ" ಅಂದರು ಮಕ್ಕಳು.

ಪರಿಸರ ಪಾಠ ಕಡ್ಡಾಯವಾಗಿ ಕಲಿಸಿ ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಪಾಠ ಬಂತು, ಪರೀಕ್ಷೆಯೂ ಬಂತು. ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಆದರೆ ಏನು ಹಾಳಾಗುತ್ತಿದೆ ಅಂತ ಮೊದಲೇ ಹೇಳಿಬಿಟ್ಟರೆ, ಏನಿದೆ ಅಂತ ನೋಡುವ ಆಸೆಯೇ ಹೋಗುತ್ತದೆ ಅನಿಸುತ್ತದೆ.

ನೀನು ಬಸ್ಸು ಮಾಡಿಕೊಂಡು ದೂರ ಹೋಗಬೇಡ. ನಿಮ್ಮ ಶಾಲೆಯ ಹಿಂದೆಯೇ ನಾಗಬನ ಇದೆ. ಇನ್ನೂ ಸಿಮೆಂಟು, ಟೈಲ್ಸ್ ಹಾಕಿಲ್ಲ ತಾನೇ? ಎಷ್ಟೋ ಕಡೆ ಮರ ಕಡಿದು ಕಟ್ಟೆ ಕಟ್ಟಿ ಅದನ್ನೇ ಬನ ಅನ್ನುತ್ತಾರೆ, ನೆರಳಿಲ್ಲದ ಬನ! ಮಕ್ಕಳನ್ನು ಹೊರಗೇ ನಿಲ್ಲಿಸಿ ಮರ ಎಣಿಸಲು ಹೇಳು. ಸುರಗಿ, ಬೈನೆ, ರೆಂಜೆ ಯಾವುದು ಅಂತ ಮನೆಯ ಅಜ್ಜಿಯರನ್ನು ಕೇಳಿ ಬರಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಮ್ಮ ಪಂಚಾಯಿತಿಯಲ್ಲೂ ಒಂದು ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆ ಪುಸ್ತಕ ಇರಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಪುಸ್ತಕ ತೋರಿಸಿ ಅನ್ನು. ಪಿಡಿಒ ಮುಖ ಹೇಗಾಯಿತು ಅಂತ ನನಗೂ ಬರೆ.

ಇನ್ನೊಂದು ಕೆಲಸ. ಸನ್ಯಾಸಿ ಏಡಿ ಅನ್ನುವ ಹೆಸರು ನಮ್ಮ ಮಕ್ಕಳಿಗೆ ಹಿಡಿಸಲಿಲ್ಲ. ಮನೆಗಾಗಿ ಇಷ್ಟು ಪರದಾಡುವುದು ಎಂಥ ಸನ್ಯಾಸಿ, ಅಲ್ವಾ? ಅವರು ಬಾಡಿಗೆದಾರ ಏಡಿ ಅಂತ ಇಟ್ಟಿದ್ದಾರೆ. ಗಂಗೊಳ್ಳಿಗೆ ಹೋದಾಗ ಮೀನಿನ ಹೆಂಗಸರನ್ನು ಕೇಳು, ಅವರು ಅದನ್ನು ಏನಂತ ಕರೆಯುತ್ತಾರೆ ಅಂತ. ಮುಂದಿನ ಅಮಾವಾಸ್ಯೆಯ ಒಳಗೆ ತಿಳಿಸು, ಹದಿನಾಲ್ಕು ಜನ ಕಾಯುತ್ತಿದ್ದಾರೆ.

ಇಂತಿ,
ನಿನ್ನ ಮುಂಬೈ ಗೆಳೆಯ