ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎತ್ತಬೇಡಿ. ಆಂಬುಲೆನ್ಸಿಗೆ ಗಾಳಿದಿಂಬು ಕೊಡಿ

ಮಾನ್ಯ ಸಂಪಾದಕರೇ,

ಬಚ್ಚಲಲ್ಲಿ ಜಾರಿ ಬಿದ್ದ ಹಿರಿಯರನ್ನು ನಮ್ಮ ಮನೆಗಳಲ್ಲಿ ಎತ್ತುವ ರೀತಿ ಒಂದೇ. ಒಬ್ಬರು ಈ ಕಂಕುಳಿಗೆ, ಇನ್ನೊಬ್ಬರು ಆ ಕಂಕುಳಿಗೆ ಕೈಹಾಕಿ, ‘ಒಂದು, ಎರಡು, ಮೂರು’ ಎಂದು ಮೇಲಕ್ಕೆ ಎಳೆಯುತ್ತಾರೆ. ಎಷ್ಟೋ ಆಸ್ಪತ್ರೆಗಳ ವಾರ್ಡುಗಳಲ್ಲೂ ನಡೆಯುವುದು ಇದೇ. ಎಳೆಯುವವರನ್ನು ದೂರಿ ಫಲವಿಲ್ಲ; ಅವರಿಗೆ ಬೇರೆ ದಾರಿ ತೋರಿಸಿದವರಿಲ್ಲ, ಕೈಗೊಂದು ಸಲಕರಣೆ ಕೊಟ್ಟವರೂ ಇಲ್ಲ. ನೆಲದ ಮೇಲಿರುವವರನ್ನು ಕುರ್ಚಿಯ ಎತ್ತರಕ್ಕೆ ಏರಿಸುವ ಗಾಳಿದಿಂಬುಗಳು ಬ್ರಿಟನ್ನಿನ ಆಂಬುಲೆನ್ಸ್‌ಗಳಲ್ಲೂ ವೃದ್ಧರ ಆರೈಕೆ ಕೇಂದ್ರಗಳಲ್ಲೂ ಹಲವು ವರ್ಷಗಳಿಂದ ಬಳಕೆಯಲ್ಲಿವೆ. 2008ರ ನವೆಂಬರ್ 1ರಂದು ಶುರುವಾದ ನಮ್ಮ ‘ಆರೋಗ್ಯ ಕವಚ 108’ರ ಎಲ್ಲ ವಾಹನಗಳಿಗೂ, ಪ್ರತಿ ತಾಲ್ಲೂಕು ಆಸ್ಪತ್ರೆಗೂ ಅವು ಬರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಕಂಕುಳಿನ ಮಾತು. ಲಕ್ವ ಹೊಡೆದವರ ಸೋತ ತೋಳಿನಲ್ಲಿ ಭುಜದ ಗುಂಡನ್ನು ಗುಳಿಯೊಳಗೆ ಹಿಡಿದಿಡುವ ಸ್ನಾಯುಗಳು ಸಡಿಲಾಗಿರುತ್ತವೆ. ಅಲ್ಲಿ ಕೈಕೊಟ್ಟು ಎತ್ತಿದರೆ ಮೈಯ ಭಾರವೆಲ್ಲ ಆ ಕೀಲಿನ ಮೇಲೆ ಬಿದ್ದು ಗುಂಡು ಅರ್ಧ ಜಾರುತ್ತದೆ. ಆಮೇಲೆ ತಿಂಗಳುಗಟ್ಟಲೆ ನೋವು, ತೋಳು ಎತ್ತಲು ಹೆದರಿಕೆ, ವ್ಯಾಯಾಮಕ್ಕೆ ತಡೆ. ಲಕ್ವವಿಲ್ಲದ ಮುದುಕರಲ್ಲೂ ಕಂಕುಳಿನ ನರಗಳು ಜಜ್ಜುತ್ತವೆ, ಕಾಗದದಂತೆ ತೆಳುವಾದ ಚರ್ಮ ಕಿತ್ತುಬರುತ್ತದೆ. ಮೂತ್ರಕ್ಕೆ ಹಾಕಿದ ಕ್ಯಾತಿಟರ್ ಇದ್ದರೆ ಯಾರೂ ಗಮನಿಸದೆ ಅದರ ಕೊಳವೆ ಎಲ್ಲೋ ಸಿಕ್ಕಿಕೊಂಡು ಎಳೆಯುತ್ತದೆ.

ಎತ್ತುವವರ ಬೆನ್ನಿಗೂ ಒಂದು ಲೆಕ್ಕವಿದೆ. ರೋಗಿಗಳನ್ನು ಕೈಯಿಂದ ಎತ್ತುವಾಗ ಒಬ್ಬರ ಪಾಲಿಗೆ ಸುಮಾರು 16 ಕೆಜಿಗಿಂತ ಹೆಚ್ಚು ಭಾರ ಬರಬಾರದು ಎಂದು ದುಡಿಯುವವರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದೂ ರೋಗಿ ಸಹಕರಿಸುತ್ತಿದ್ದು, ನಿಂತ ನೆಲೆ ಸರಿಯಿದ್ದಾಗ. 60 ಕೆಜಿಯ ಮನುಷ್ಯರ ಒಂದು ಕಾಲೇ ಹತ್ತಿರ ಹತ್ತಿರ 10 ಕೆಜಿ ತೂಗುತ್ತದೆ. ಅವರನ್ನು ಇಬ್ಬರು ಎತ್ತಿದರೆ ಒಬ್ಬೊಬ್ಬರ ಪಾಲಿಗೆ 30 ಕೆಜಿ. ಒದ್ದೆ ನೆಲದಲ್ಲಿ, ಕಮೋಡಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಸೊಂಟ ಬಗ್ಗಿಸಿ ಎತ್ತುವ 30 ಕೆಜಿ ಅದು. ಆಯಾಗಳು, ವಾರ್ಡ್ ಬಾಯ್‌ಗಳು, ಮನೆಯ ಹೆಣ್ಣುಮಕ್ಕಳು ಬೆನ್ನುನೋವಿನವರಾಗುವುದು ಹೀಗೆ.

ಗಾಳಿದಿಂಬು ಈ ಕೆಲಸವನ್ನು ಹೇಗೆ ಮಾಡುತ್ತದೆ? ಗಾಳಿ ತೆಗೆದಾಗ ಮಡಚಿದ ಜಮಖಾನದಂತೆ ಚಪ್ಪಟೆಯಾಗಿರುತ್ತದೆ. ಒಳಗೆ ಒಂದರ ಮೇಲೊಂದು ನಾಲ್ಕು ಅರೆಗಳು, ಅಂದರೆ ಗಾಳಿ ತುಂಬುವ ಕೋಣೆಗಳು. ಪ್ರತಿ ಅರೆಗೂ ಒಂದೊಂದು ಕೊಳವೆ, ಕೈಯಲ್ಲಿ ಹಿಡಿಯುವ ನಾಲ್ಕು ಗುಂಡಿಗಳ ರಿಮೋಟು, ಬ್ಯಾಟರಿಯಿಂದ ನಡೆಯುವ ಪುಟ್ಟ ಕಂಪ್ರೆಸರ್. ಮಂಗಾರ್ ಎಂಬ ಹೆಸರಿನಲ್ಲಿ ಬರುವ ‘ಎಲ್ಕ್’ ಬೆನ್ನಾಸರೆ ಇಲ್ಲದ್ದು, ಕೂರಬಲ್ಲವರಿಗೆ. ಅದರ ಧಾರಣಶಕ್ತಿ ಸುಮಾರು 450 ಕೆಜಿ. ಅವರದೇ ‘ಕ್ಯಾಮೆಲ್’ಗೆ ಬೆನ್ನಾಸರೆಯೂ ಉಂಟು, ಮಲಗಿಬಿಟ್ಟವರನ್ನು ಕೂರಿಸಿ ಎತ್ತುತ್ತದೆ, ಅದು ಸುಮಾರು 320 ಕೆಜಿಯವರೆಗೆ. ಇಷ್ಟು ಭಾರ ಎತ್ತಲು ಭಾರೀ ಒತ್ತಡ ಬೇಕು ಎಂದುಕೊಳ್ಳುವುದು ಸಹಜ, ಆದರೆ ಹಾಗಿಲ್ಲ. 50 ಸೆಂ.ಮೀ. ಚೌಕದ ದಿಂಬಿಗೆ 2,500 ಚದರ ಸೆಂಟಿಮೀಟರ್ ಹರಹು. 80 ಕೆಜಿಯವರನ್ನು ಹೊರಲು ಚದರ ಸೆಂಟಿಮೀಟರಿಗೆ 32 ಗ್ರಾಂ ಒತ್ತಡ ಸಾಕು. ಕಾರಿನ ಟಯರಿನಲ್ಲಿ ಅದು ಎರಡು ಕೆಜಿಗೂ ಮೇಲಿರುತ್ತದೆ. ಒತ್ತಡ ಕಡಿಮೆಯಾದ್ದರಿಂದಲೇ ದಿಂಬು ನಿಧಾನವಾಗಿ, ಕುಲುಕದೆ ಏರುತ್ತದೆ. ಅಗ್ನಿಶಾಮಕ ದಳದವರು ವಾಹನ ಎತ್ತಲು ಬಳಸುವ ಗಾಳಿಚೀಲ ಬೇರೆ ಜಾತಿಯದು, ಅದರ ಒತ್ತಡ ಹತ್ತಾರು ಪಟ್ಟು ಹೆಚ್ಚು. ಅದನ್ನಾಗಲಿ ಲಾರಿಯ ಟ್ಯೂಬನ್ನಾಗಲಿ ಮನುಷ್ಯರ ಕೆಳಗೆ ಇಡುವ ಸಾಹಸ ಯಾರೂ ಮಾಡಬಾರದು.

ದಿಂಬು ತರುವ ಮೊದಲು ಎತ್ತಬಹುದೇ ಎಂದು ನೋಡಬೇಕು. ಬಿದ್ದವರು ನೆಲದಲ್ಲೇ ಐದು ನಿಮಿಷ ಹೆಚ್ಚು ಇದ್ದರೆ ನಷ್ಟವಿಲ್ಲ, ಅವಸರದಲ್ಲಿ ಎತ್ತಿದರೆ ಇದೆ. ಮಾತಾಡಿಸಿ. ಕುತ್ತಿಗೆ, ಬೆನ್ನು ನೋಯುತ್ತಿದೆಯೇ, ಕೈಕಾಲು ಬೆರಳು ಆಡಿಸುತ್ತಾರೆಯೇ, ಬಾಯಿ ಒಂದು ಕಡೆಗೆ ಸೊಟ್ಟಗಿದೆಯೇ, ತಲೆಗೆ ಏಟು ಬಿದ್ದಿದೆಯೇ, ರಕ್ತ ತೆಳುವಾಗುವ ಮಾತ್ರೆ ತಿನ್ನುವವರೇ ಎಂದು ಗಮನಿಸಿ. ಸಕ್ಕರೆ ಕಾಯಿಲೆಯವರಾದರೆ ಗ್ಲುಕೋಮೀಟರಿನಲ್ಲಿ ಒಮ್ಮೆ ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡು ಪಾದ ಹೊರಕ್ಕೆ ತಿರುಗಿಕೊಂಡಿದ್ದರೆ ತೊಡೆಮೂಳೆಯ ಮೇಲ್ತುದಿ ಮುರಿದಿರುವ ಸಂಭವ ಹೆಚ್ಚು. ಇಂಥ ಯಾವ ಲಕ್ಷಣ ಕಂಡರೂ ಎತ್ತುವ ಮಾತೇ ಇಲ್ಲ. ಹೊದಿಕೆ ಹೊದಿಸಿ, 108ಕ್ಕೆ ಕರೆ ಮಾಡಿ, ಅಲ್ಲೇ ಮಲಗಿಸಿ.

ಏಟಿಲ್ಲವೆಂದು ಖಾತ್ರಿಯಾದ ಮೇಲೆ ನೆಲದ ನೀರು ಒರೆಸಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಕೂರಬಲ್ಲವರಾದರೆ ಒಂದು ಕುಂಡಿಯ ಮೇಲೆ ಭಾರ ಹಾಕಿಸಿ, ಇನ್ನೊಂದರ ಕೆಳಗೆ ಚಪ್ಪಟೆ ದಿಂಬನ್ನು ತೂರಿಸಿ, ಆಮೇಲೆ ಈ ಕಡೆ ವಾಲಿಸಿ ಪೂರ್ತಿ ಎಳೆದುಕೊಳ್ಳುವುದು. ಮಲಗಿದವರಾದರೆ ಮಗ್ಗುಲಿಗೆ ಹೊರಳಿಸಿ, ಬೆನ್ನಾಸರೆಯ ನಡುಗೆರೆ ಬೆನ್ನುಮೂಳೆಯ ನೇರಕ್ಕೆ ಬರುವಂತೆ ಹಾಸಿ, ಮತ್ತೆ ಅಂಗಾತ ಮಲಗಿಸುವುದು. ಕುಂಡಿ ದಿಂಬಿನ ನಟ್ಟನಡುವೆ ಇರಬೇಕು. ಮಂಡಿ ಮಡಚಿ, ಬರಿಗಾಲಿನ ಅಂಗಾಲು ನೆಲಕ್ಕೆ ಪೂರ್ತಿ ತಾಗಿರಬೇಕು. ಕಾಲು ನೀಡಿಕೊಂಡೇ ಇದ್ದರೆ ದಿಂಬು ಏರಿದಂತೆ ಮೈ ಮುಂದಕ್ಕೆ ಜಾರುತ್ತದೆ. ಒಬ್ಬರು ಎದುರಿಗೆ ಮಂಡಿಯೂರಿ ಕುಳಿತು ರೋಗಿಯ ಮಂಡಿಗಳಿಗೆ ಆಸರೆ ಕೊಟ್ಟರೆ ಸಾಕು. ಇನ್ನೊಬ್ಬರಿದ್ದರೆ ಬೆನ್ನ ಹಿಂದೆ ನಿಲ್ಲಲಿ.

ಈಗ ಒಂದನೇ ಗುಂಡಿ. ಅದು ತೀರ ಕೆಳಗಿನ ಅರೆ. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಎರಡನೆಯದು, ಹಾಗೇ ಮೂರು, ನಾಲ್ಕು. ಅತಿ ಹೆಚ್ಚು ತಪ್ಪಾಗುವ ಜಾಗ ಇದೇ. ಬೇಗ ಆಗಲೆಂದು ಕೆಳಗಿನದನ್ನು ಅರ್ಧಕ್ಕೆ ಬಿಟ್ಟು ಮೇಲಿನದಕ್ಕೆ ಗಾಳಿ ಹಾಕಿದರೆ ರೋಗಿ ಮೆತ್ತನೆ ತಳದ ಮೇಲಿಟ್ಟ ಚೆಂಡಿನ ಮೇಲೆ ಕೂತಂತಾಗುತ್ತದೆ. ಒಂದು ಕಡೆ ವಾಲಿದರೆ ತಡೆಯುವುದು ಕಷ್ಟ. ಇಳಿಸುವಾಗ ಇದರ ತಿರುವುಮುರುವು: ಮೇಲಿನ ನಾಲ್ಕನೆಯದರಿಂದ ಗಾಳಿ ಬಿಡುತ್ತ ಬರಬೇಕು. ಪೂರ್ತಿ ಏರಿದ ಮೇಲೆ ರೋಗಿಯನ್ನು ತಟ್ಟನೆ ಎದ್ದು ನಿಲ್ಲಿಸಬೇಡಿ. ಬಹಳ ಹೊತ್ತು ನೆಲದಲ್ಲಿದ್ದವರಿಗೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಒಂದೆರಡು ನಿಮಿಷ ಅಲ್ಲೇ ಕೂರಿಸಿ, ತಲೆ ಸುತ್ತುತ್ತಿಲ್ಲ ಎಂದ ಮೇಲೆ ವಾಕರ್ ಹಿಡಿಸಿ ಎಬ್ಬಿಸಿ, ಇಲ್ಲವೇ ಪಕ್ಕದ ಕುರ್ಚಿಗೆ ಸರಿಸಿ. ಕ್ಯಾತಿಟರಿನ ಚೀಲ ಮೊದಲಿಂದ ಕೊನೆವರೆಗೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಲಿ, ಕೊಳವೆ ದಿಂಬಿನಡಿ ಸಿಕ್ಕದಿರಲಿ.

ಆಸ್ಪತ್ರೆಯೊಳಗೆ ಬೇಕಾದದ್ದು ಇನ್ನೊಂದು ಬಗೆ. ಮಂಚದಿಂದ ಸ್ಟ್ರೆಚರಿಗೆ, ಸ್ಟ್ರೆಚರಿನಿಂದ ಎಕ್ಸ್‌ರೇ ಮೇಜಿಗೆ ರೋಗಿಯನ್ನು ಸಾಗಿಸುವಾಗ ನಾಲ್ಕು ಜನ ಬೆಡ್‌ಶೀಟಿನ ಮೂಲೆ ಹಿಡಿದು ಎಳೆಯುತ್ತಾರಲ್ಲ, ಅದರ ಜಾಗಕ್ಕೆ ಗಾಳಿಚಾಪೆ. ಅಡಿಭಾಗದಲ್ಲಿ ಸೂಜಿಮೊನೆಯಂಥ ನೂರಾರು ತೂತುಗಳಿರುತ್ತವೆ. ಊದುಯಂತ್ರ ಚಾಲೂ ಮಾಡಿದರೆ ಚಾಪೆ ಉಬ್ಬಿ, ತೂತುಗಳಿಂದ ಹೊರಬಿದ್ದ ಗಾಳಿ ಚಾಪೆಗೂ ಮಂಚಕ್ಕೂ ನಡುವೆ ತೆಳ್ಳನೆ ಪದರವಾಗಿ ಹರಡುತ್ತದೆ. ತಿಕ್ಕಾಟ ಹೋಗಿ ರೋಗಿ ಜಾರಿಬರುತ್ತಾರೆ. ಇಬ್ಬರು ಸಾಕು. ಎರಡೂ ಮಂಚಗಳ ಬ್ರೇಕು ಹಾಕಿರಬೇಕು, ನಡುವೆ ಸಂದು ಇರಬಾರದು, ಹೋಗುವ ಕಡೆಯದು ತುಸು ತಗ್ಗಿನಲ್ಲಿರಬೇಕು, ಬೆಲ್ಟು ಕಟ್ಟಿರಬೇಕು. ತಿಕ್ಕಾಟವೇ ಇಲ್ಲದ್ದರಿಂದ ಒಬ್ಬರೇ ತಳ್ಳಿದರೆ ರೋಗಿ ಆಚೆ ಬದಿಯಿಂದ ಜಾರಿ ಬೀಳಬಹುದು. ಆದ್ದರಿಂದ ಗಾಳಿ ಇರುವಷ್ಟು ಹೊತ್ತೂ ಎರಡೂ ಬದಿಯಲ್ಲಿ ಒಬ್ಬೊಬ್ಬರು ನಿಂತಿರಲೇಬೇಕು.

ಮನೆಗಳಿಗೆ ಈಗಾಗಲೇ ಬಂದಿರುವ ಗಾಳಿ ಸಲಕರಣೆ ಎಂದರೆ, ಮಲಗಿದಲ್ಲೇ ಇರುವವರಿಗೆ ಒತ್ತಿ ಹುಣ್ಣಾಗದಿರಲೆಂದು ಹಾಸುವ ಏರ್ ಬೆಡ್. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ‘ಒಂದು ಏರ್ ಬೆಡ್ ತಗೊಳ್ಳಿ’ ಎನ್ನುತ್ತಾರೆ, ಅಂಗಡಿಯವರು ಡಬ್ಬ ಕೊಡುತ್ತಾರೆ, ಹಾಕುವುದು ಹೇಗೆಂದು ಹೇಳುವವರಿಲ್ಲ. ಅದರ ಪಂಪು ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಒಂದು ಸಾಲಿನ ಗಾಳಿ ಇಳಿಸಿ ಪಕ್ಕದ ಸಾಲಿಗೆ ತುಂಬುತ್ತ, ಮೈಯ ಒತ್ತಡ ಒಂದೇ ಕಡೆ ನಿಲ್ಲದಂತೆ ನೋಡಿಕೊಳ್ಳುತ್ತದೆ. ಅದನ್ನು ಬರಿ ಮಂಚದ ಹಲಗೆಯ ಮೇಲೆ ಹಾಕಬಾರದು, ಕೆಳಗೆ ಮಾಮೂಲಿ ಹಾಸಿಗೆ ಇರಬೇಕು. ಮೇಲೆ ದಪ್ಪ ಕಂಬಳಿ, ರಬ್ಬರ್ ಶೀಟು, ಮಡಚಿದ ಸೀರೆ ಹಾಸಿದರೆ ಸಾಲುಗಳ ಏರಿಳಿತ ಮೈಗೆ ತಲುಪುವುದೇ ಇಲ್ಲ. ಒಂದು ತೆಳು ಹತ್ತಿ ಬೆಡ್‌ಶೀಟು, ಅದನ್ನೂ ಬಿಗಿದು ಕಟ್ಟದೆ ಸಡಿಲವಾಗಿ. ಪಂಪಿನ ತಿರುಗುಗುಂಡಿಯನ್ನು ರೋಗಿಯ ತೂಕಕ್ಕೆ ಇಟ್ಟು, ಅರ್ಧ ಗಂಟೆ ಬಿಟ್ಟು ಗಾಳಿಹಾಸಿನ ಕೆಳಗೆ, ರೋಗಿಯ ಬೆನ್ನ ಕೆಳತುದಿಯ ನೇರಕ್ಕೆ ಅಂಗೈ ಮೇಲೆ ಮಾಡಿ ತೂರಿಸಿ. ಮೂಳೆ ಕೈಗೆ ಸಿಕ್ಕರೆ ಗಾಳಿ ಸಾಲದು. ನಡುವೆ ಒಂದಂಗುಲದಷ್ಟಾದರೂ ಗಾಳಿ ಇರಬೇಕು. ಈ ಪರೀಕ್ಷೆಯನ್ನು ದಿನಕ್ಕೊಮ್ಮೆ ಮಾಡಿ. ಕೊಳವೆ ಮಂಚದ ಸಂದಿನಲ್ಲಿ ಮಡಚಿಕೊಂಡಿರುವುದು, ಪಂಪಿನೊಳಗಿನ ರಬ್ಬರ್ ಪೊರೆ ಹರಿದು ಸದ್ದು ಮಾತ್ರ ಬರುತ್ತಿರುವುದು ನಾವು ಕಾಣುವ ಸಾಮಾನ್ಯ ದೋಷಗಳು. ಪಂಪು ‘ಗುಂಯ್’ ಎನ್ನುತ್ತಿದೆ ಎಂದ ಮಾತ್ರಕ್ಕೆ ಹಾಸಿಗೆ ಕೆಲಸ ಮಾಡುತ್ತಿದೆ ಎಂದಲ್ಲ.

ಕರೆಂಟು ಹೋದರೆ ಸಣ್ಣ ಗುಳ್ಳೆಗಳ ಅಗ್ಗದ ಹಾಸು ಬೇಗನೆ ಸೊರಗುತ್ತದೆ. ಪಂಪಿಗೆ ಬೇಕಾದದ್ದು ಹತ್ತು ವಾಟಿನಷ್ಟು ವಿದ್ಯುತ್ತು, ಒಂದು ಎಲ್‌ಇಡಿ ಬಲ್ಬಿನ ಲೆಕ್ಕ. ಮನೆಯಲ್ಲಿ ಯುಪಿಎಸ್ ಇದ್ದರೆ ಟಿವಿಗಿಂತ ಮೊದಲು ಅದಕ್ಕೆ ಲೈನು ಕೊಡಿ. ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸುವಂತಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸಿ, ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ತೊಡೆಯ ಹೊರಮೂಳೆಯ ಮೇಲೆ ಹುಣ್ಣಾಗುತ್ತದೆ. ನಡುವೆ ತೂತಿರುವ ಗಾಳಿಯ ರಿಂಗನ್ನು ದಯವಿಟ್ಟು ಕೊಳ್ಳಬೇಡಿ. ಹುಣ್ಣಿನ ಜಾಗ ಮೇಲೆ ನಿಂತಂತೆ ಕಂಡರೂ ರಿಂಗಿನ ಅಂಚು ಸುತ್ತಲ ರಕ್ತ ಸಂಚಾರವನ್ನು ಒತ್ತಿ ನಿಲ್ಲಿಸುತ್ತದೆ. ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸ್ ಇಡುವುದೂ ಹಾಗೆಯೇ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಕೊಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಸಿದರೆ ಸಾಕು.

ಎತ್ತುವ ದಿಂಬು ಬರುವವರೆಗೆ ಮನೆಯವರು ಏನು ಮಾಡಬೇಕು? ಏಟಾಗದೆ, ಕೈಕಾಲಿನಲ್ಲಿ ಶಕ್ತಿಯಿರುವವರಾದರೆ ಎರಡು ಗಟ್ಟಿ ಕುರ್ಚಿ ತನ್ನಿ. ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿನ ಭಂಗಿಗೆ ಬರಲಿ. ಎದುರಿನ ಕುರ್ಚಿಯ ಆಸನಕ್ಕೆ ಎರಡೂ ಕೈ ಊರಿ, ಬಲವಿರುವ ಕಾಲಿನ ಪಾದವನ್ನು ಮುಂದಿಟ್ಟು ಎದ್ದಂತೆ ಎರಡನೇ ಕುರ್ಚಿಯನ್ನು ಹಿಂದಿನಿಂದ ಕೊಡಿ. ನೀವು ಎಳೆಯುವಂತಿಲ್ಲ, ಅವರೇ ಏಳಬೇಕು. ನಿಮ್ಮದು ಕುರ್ಚಿ ಹಿಡಿಯುವ ಕೆಲಸ. ಅಷ್ಟು ಶಕ್ತಿ ಇಲ್ಲದವರಿಗಾಗಿಯೇ ನಾವು ಈ ದಿಂಬನ್ನು ಕೇಳುತ್ತಿರುವುದು.

ಹೊರದೇಶದಿಂದ ಬರುವ ಈ ದಿಂಬು ಒಂದು ಮನೆಯವರು ಕೊಳ್ಳುವ ಬೆಲೆಯದಲ್ಲ. ಅದಕ್ಕೇ ಸರ್ಕಾರವನ್ನು ಕೇಳುವುದು. 108ರ ವಾಹನದಲ್ಲಿ ಬರುವುದು ಒಬ್ಬ ತುರ್ತು ಚಿಕಿತ್ಸಾ ಸಿಬ್ಬಂದಿ, ಒಬ್ಬ ಚಾಲಕ. ಆ ಇಬ್ಬರಿಂದಲೇ ಎಲ್ಲ ಭಾರವನ್ನೂ ಎತ್ತಿಸುತ್ತಿದ್ದೇವೆ. ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಕೊಡಲೆಂದು 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಗೆ ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲಿಮ್ಕೋದ ಘಟಕ ಬೆಂಗಳೂರಿನಲ್ಲೇ ಇದೆ. ನಾಲ್ಕು ಅರೆಯ ಚೀಲ, ಕೊಳವೆ, ಸಣ್ಣ ಕಂಪ್ರೆಸರ್ ಇಲ್ಲಿ ತಯಾರಿಸಲಾಗದ ವಸ್ತುಗಳೇನಲ್ಲ. ನರ್ಸಿಂಗ್ ಕಾಲೇಜುಗಳ ಪ್ರಾಯೋಗಿಕ ಪಾಠದಲ್ಲಿ ಬೆಡ್‌ಶೀಟ್ ಎಳೆಯುವುದರ ಜೊತೆಗೆ ಇದನ್ನೂ ಕಲಿಸಲಿ.

ಕೊಡುವಾಗ ಇನ್ನೊಂದು ವ್ಯವಸ್ಥೆಯೂ ಜೊತೆಗೇ ಬರಬೇಕು. ಬ್ರಿಟನ್ನಿನ 1998ರ ನಿಯಮಗಳಂತೆ ಮನುಷ್ಯರನ್ನು ಎತ್ತುವ ಸಲಕರಣೆಯನ್ನು ಆರು ತಿಂಗಳಿಗೊಮ್ಮೆ ಪರಿಣತರು ಪರೀಕ್ಷಿಸಬೇಕು. ನಮ್ಮಲ್ಲೂ ಹಾಗೆ ಆಗಲಿ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಪಾಳಿ ಬದಲಾಗುವಾಗ ಕಂಪ್ರೆಸರಿನ ಚಾರ್ಜು ನೋಡಿ ವಾಹನದ ದಾಖಲೆ ಪುಸ್ತಕದಲ್ಲಿ ಬರೆಯುವ ಹೊಣೆ ಯಾರದು ಎಂದು ಹೆಸರಿಸಿ ಆದೇಶಿಸಬೇಕು. ಬಳಸಿದ ಮೇಲೆ ದಿಂಬನ್ನು ಸೋಪುನೀರಿನಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ ಮಡಚಬೇಕು. ಒದ್ದೆಯಲ್ಲೇ ಸುತ್ತಿಟ್ಟರೆ ಹೊಲಿಗೆಯ ಸಂದಿನಲ್ಲಿ ಬೂಷ್ಟು ಹಿಡಿಯುತ್ತದೆ, ಗಾಳಿ ಸೋರಲು ಶುರುವಾಗುವುದೂ ಅಲ್ಲಿಂದಲೇ.

– ಮನೆ ಆರೈಕೆಯಲ್ಲಿ ದುಡಿಯುವ ಫಿಸಿಯೊಥೆರಪಿಸ್ಟ್‌ಗಳು ಮತ್ತು ನರ್ಸ್‌ಗಳು, ಮೈಸೂರು